ಐದು ಸೇಂಗಾ, ನಾಲ್ಕು ಮಂದಿ

ನನ್ನ ತಮ್ಮನಿಗೆ ಐದು ಎಂದರೆ ಎಷ್ಟು ಎಂದು ತಿಳಿಯುವವರೆಗೆ ನಾನು ಮನೆ ಬಿಟ್ಟು ಹೊರಡುವಂತಿರಲಿಲ್ಲ. ಹೀಗೆ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರ ಕಂಕುಳಲ್ಲಿ ಯಾರೂ ಕೂಸು ಕೂಡಿಸಿಲ್ಲ.

ನಾವಿದ್ದದ್ದು ಹಿರೇಕೆರೂರ ಕಡೆಯ ಚಿಕ್ಕೇರೂರಿನಲ್ಲಿ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಅವ್ವ ಹೊಲಕ್ಕೆ ಹೋಗಬೇಕು, ತಮ್ಮನನ್ನು ಯಾರಾದರೂ ಹಿಡಿಯಬೇಕು. ಎರಡನೇ ಇಯತ್ತೆ ಪಾಸಾಗಿದ್ದ ನನ್ನ ಬರೆಯುವ ಪಾಟಿಯನ್ನು ಅಪ್ಪ ಎತ್ತಿ ಅಟ್ಟದ ಮೇಲಿಟ್ಟ. "ತಮ್ಮ ಸಾಲಿಗೆ ಹೋಗೂ ದಿನ ನೀನೂ ಅವನ ಕೈ ಹಿಡಕೊಂಡು ಹೋಗುವಂತಿ," ಅಂದ.

ಶಾಲೆ ಎಲ್ಲೋ ದೂರವಿದ್ದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅದು ನಮ್ಮ ಹಿತ್ತಲ ಗೋಡೆಯ ಆಚೆ, ಗುಡಿಯ ಪೌಳಿಯಲ್ಲೇ ನಡೆಯುತ್ತಿತ್ತು. ಮುಂಜಾನೆ ಹುಡುಗರು ಹೇಳುವ ಮಗ್ಗಿ ಗೋಡೆ ದಾಟಿ ಬರುತ್ತಿತ್ತು. ನಾನು ಭಾಂಡೆ ತಿಕ್ಕುತ್ತ ಅವರ ಜೊತೆ ಬಾಯಾಡಿಸುತ್ತಿದ್ದೆ. ಯಾರಾದರೂ ತಪ್ಪಿದರೆ ಸಿಟ್ಟು ಬರುತ್ತಿತ್ತು. ಅಲ್ಲಿ ಕೂತವರಿಗೆ ಬಾರದ್ದು ಇಲ್ಲಿ ಬೂದಿಯಲ್ಲಿ ಕೈ ಅದ್ದಿದವಳಿಗೆ ಬರುತ್ತಿತ್ತಲ್ಲ!

ಮೊದಲನೇ ಇಯತ್ತೆಗೂ ಮುಂಚಿನ ಚಿಕ್ಕ ಮಕ್ಕಳ ತರಗತಿಗೆ ಸೇರಿಸಿಕೊಳ್ಳುವಾಗ ಮಾಸ್ತರು ಮಗುವಿನಿಂದ ಏನಾದರೂ ಎಣಿಸಿ ಹೇಳಿಸುತ್ತಿದ್ದರು. ಹೇಳದಿದ್ದರೆ ಮುಂದಿನ ವರ್ಷ ಬಾ ಎನ್ನುವರು. ಹಾಗಾಗಿ ನಾನು ತಮ್ಮನಿಗೆ ಎಣಿಕೆ ಕಲಿಸತೊಡಗಿದೆ.

ಎರಡೇ ವಾರದಲ್ಲಿ ಇಪ್ಪತ್ತರ ತನಕ ಗಡಗಡ ಹೇಳಿದ. ಗೆದ್ದೆ ಅಂದುಕೊಂಡೆ. "ಮೂರು ಸೇಂಗಾ ಕೊಡು" ಅಂದರೆ ಒಂದು ಮುಷ್ಟಿ ತೆಗೆದು ಕೊಟ್ಟ! ಅವನಿಗೆ ಅದು ಹಾಡು. ಹಾಡಿನೊಳಗೆ ಒಂದು, ಎರಡು ಮಾತ್ರ ನಿಜವಾಗಿದ್ದವು. ಅದರಾಚೆ ಎಲ್ಲವೂ "ಭಾಳ". ಐದು ಸೇಂಗಾ ಸಾಲಾಗಿಟ್ಟು ಬೆರಳಿಟ್ಟು ಎಣಿಸಿದರೆ ಸರಿಯಾಗಿ ಐದಕ್ಕೆ ನಿಲ್ಲುತ್ತಿದ್ದ. "ಎಲ್ಲಾ ಕೂಡಿ ಎಷ್ಟು?" ಎಂದರೆ ಮತ್ತೆ ಒಂದರಿಂದ ಶುರು. ಕೊನೆಗೆ ಹೇಳಿದ ಐದು ಕೊನೆಯ ಸೇಂಗಾದ ಹೆಸರು ಎಂದು ಅವನು ತಿಳಿದಿದ್ದ. ದೂರ ದೂರ ಇಟ್ಟ ನಾಲ್ಕು, ಒತ್ತಾಗಿಟ್ಟ ಐದಕ್ಕಿಂತ ಹೆಚ್ಚು ಎಂದು ಹಟ ಹಿಡಿಯುತ್ತಿದ್ದ. ನಾನು ಹೌದು ಅನ್ನುವವರೆಗೆ ಅಳುತ್ತಿದ್ದ. ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ಇವನ ತಲೆಯೊಳಗೆ ಯಾವುದೋ ಒಂದು ಬಾಗಿಲು ತೆರೆಯಬೇಕಿತ್ತು, ಅದರ ಅಗಳಿ ಒಳಗಿನಿಂದ ಹಾಕಿತ್ತು, ಹೊರಗೆ ನಾನು ಕಾಯುತ್ತ ಕೂತಿದ್ದೆ. ಕೆಲವು ದಿನ ಅವನನ್ನು ಎತ್ತಿಕೊಂಡು ನಡುಮನೆಯಲ್ಲಿ ಗಾಣದೆತ್ತಿನ ಹಾಗೆ ಸುತ್ತುವಾಗ ಚೀರಬೇಕು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅವನ ಐದು ಸೇಂಗಾದಲ್ಲಿ ಒಂದನ್ನು ಅವನು ಅತ್ತ ತಿರುಗಿದಾಗ ಬಾಯಿಗೆ ಹಾಕಿಕೊಂಡೆ. ಹಸಿವೆ ಏನಿರಲಿಲ್ಲ, ಬೇಸರ. ಅವನು ಇತ್ತ ತಿರುಗಿದ. ಬೆರಳಿಡಲಿಲ್ಲ, ಹಾಡು ಹೇಳಲಿಲ್ಲ. ನೋಡಿದವನೇ, "ಅಕ್ಕಾ, ನಾಕ ಅದಾವ! ಒಂದು ನೀ ತಿಂದಿ!" ಎಂದು ನನ್ನ ಗಲ್ಲ ಹಿಡಿದು ಬಾಯಿ ತೆರೆಸಿದ. ನನಗೆ ಎಷ್ಟು ಸಂತೋಷವಾಯಿತೆಂದರೆ ಅಗಿಯುತ್ತಲೇ ಅವನನ್ನು ಎತ್ತಿ ಕುಣಿದೆ.

ಆಮೇಲೆ ಅವನ ಕೈಗೆ ಸಿಕ್ಕದ್ದು ಉಳಿಯಲಿಲ್ಲ. ಕಂಬ, ಗಡಿಗೆ, ಎಮ್ಮೆಯ ಕಾಲು ಎಲ್ಲ ಎಣಿಸಿದ. ಒಂದು ದಿನ ಊಟಕ್ಕೆ ಕೂತ ನಮ್ಮನ್ನೇ ಎಣಿಸತೊಡಗಿದ. ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಬಂದು ಹಿಟ್ಟಿನ ಕೈಯಿಂದಲೇ ಅವನ ಬಾಯಿ ಮುಚ್ಚಿದಳು.

"ಮನೀ ಮಂದೀನ್ನ ಎಣಸಬಾರದು. ಎಣಸಿದ್ರ ಕಡಿಮಿ ಆಗ್ತಾರ."

ನನ್ನ ಮತ್ತು ತಮ್ಮನ ನಡುವೆ ಇನ್ನೊಂದು ಮಗು ಇತ್ತು. ಯಾರೋ ಬಂದವರು ಅವ್ವನ ಮಕ್ಕಳನ್ನು ಬೆರಳು ಮಾಡಿ ಎಣಿಸಿ ಹೋದ ಮೇಲೆ ಅದು ಜ್ವರ ಬಂದು ಹೋಯಿತಂತೆ. ಹಾಗಾಗಿ ಅವ್ವನ ಮಾತಿಗೆ ಯಾರೂ ಎದುರಾಡಲಿಲ್ಲ. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಎಣಿಸಲು ಸೇಂಗಾ ಇದ್ದವಲ್ಲ.

ಆ ಮಳೆಗಾಲದ ಮೊದಲಿಗೆ ಅಪ್ಪ ನಮ್ಮಿಬ್ಬರನ್ನೂ ಗುಡಿಗೆ ಕರೆದೊಯ್ದ. ನಾನು ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿಕೊಂಡಿದ್ದೆ. ಪಾಟಿ ನನ್ನ ಕೈಯಲ್ಲಿತ್ತು. ಮಾಸ್ತರು ಒಳ್ಳೆಯವರು, ತಮ್ಮನ ಗಲ್ಲ ತಟ್ಟಿ ಕೇಳಿದರು:

"ನಿಮ್ಮ ಮನ್ಯಾಗ ಎಷ್ಟು ಮಂದಿ ಅದೀರಪಾ?"

ತಮ್ಮ ಬಾಯಿ ಬಿಗಿದುಕೊಂಡ. ಅಪ್ಪ ತಡವರಿಸಿ ನಕ್ಕ. ಹಿರಿಯರ ನಡುವೆ ಬಾಯಿ ಹಾಕಬಾರದೆಂದು ಗೊತ್ತಿದ್ದೂ ನಾನು, "ಅವಂಗ ಬರತೈತ್ರಿ, ಮಾಸ್ತರ. ಇನ್ನೊಮ್ಮೆ ಕೇಳ್ರಿ," ಅಂದೆ.

"ಆತು," ಎಂದು ಅವರು ತಮ್ಮನಿಗೆ ಬೆರಳಿನಿಂದ ತೋರಿಸಿದರು. "ನೋಡು, ನಾನು, ನಿಮ್ಮಪ್ಪ, ನಿಮ್ಮಕ್ಕ, ನೀನು. ಎಷ್ಟಾತು?"

ಅವನು ನನ್ನತ್ತ ನೋಡಿದ. ಕಣ್ಣಲ್ಲಿ ನೀರು ತುಂಬಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಸೇಂಗಾ ಕೊಡಿರಿ, ಕಲ್ಲು ಕೊಡಿರಿ ಎಂದು ಕೂಗಬೇಕೆಂದುಕೊಂಡೆ. ಅಪ್ಪ ಗುರಾಯಿಸಿ ತಡೆದ.

"ಇನ್ನೂ ಸಣ್ಣಾವ ಅದಾನ್ರಿ. ಮುಂದಿನ ವರ್ಷ ಕರಕೊಂಡು ಬರ್ರಿ," ಅಂದರು ಮಾಸ್ತರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಯ ಕಟ್ಟೆಯ ಮೇಲೆ ಅವನನ್ನು ಕುಕ್ಕಿ ಕೂಡಿಸಿ, "ನಾಕು ಅನ್ನಾಕ ಏನಾಗಿತ್ತು ನಿನಗ? ಬಾಯಾಗ ಏನು ಕಡಬು ಇಟ್ಟಕೊಂಡಿದ್ದ್ಯಾ?" ಎಂದು ಬೈದೆ.

"ನಾಕು ಅಂತ ಗೊತ್ತಿತ್ತು," ಎಂದು ಬಿಕ್ಕಿದ. "ಎಣಸಿದ್ರ ನೀ ಕಡಿಮಿ ಆಗತಿದ್ದಿ. ಮೂರ ಉಳೀತಿದ್ವಿ."

ಹೊಡೆಯಲು ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಕಡಿಮೆ ಎಂದರೇನು ಎಂದು ಅವನಿಗೆ ಕಲಿಸಿದವಳೇ ನಾನು. ಅವ್ವನಿಗೆ ಹೇಳಿದರೆ, "ನನ್ನ ಮಗ ಎಷ್ಟು ಶಾಣ್ಯಾ ನೋಡು!" ಎಂದು ಅವನಿಗೆ ದೃಷ್ಟಿ ತೆಗೆದಳು. ಅಪ್ಪ ನಕ್ಕು ಎತ್ತು ಬಿಚ್ಚಲು ಹೋದ. ಯಾರೂ ಮತ್ತೆ ಮಾಸ್ತರ ಬಳಿ ಹೋಗಲಿಲ್ಲ. ಪಾಟಿ ಅಟ್ಟಕ್ಕೆ ಹೋಯಿತು.

ಮರುವರ್ಷ ಮಾಸ್ತರು ಅವನಿಗೆ ಕಲ್ಲು ಎಣಿಸಲು ಕೊಟ್ಟರಂತೆ. ಇಪ್ಪತ್ತರ ತನಕ ಎಣಿಸಿ ಸೇರಿಕೊಂಡ. ನಾನು ನೋಡಲಿಲ್ಲ. ಅಷ್ಟರೊಳಗೆ ಅವ್ವ ಇನ್ನೊಂದು ಕೂಸು ಹಡೆದು, ಬಾಣಂತನ ಮುಗಿಸಿ, ಹೊಲದ ದಾರಿ ಹಿಡಿದಿದ್ದಳು. ಕೂಸು ನನ್ನ ಕಂಕುಳಲ್ಲಿತ್ತು. ತಮ್ಮನ ಅಂಗಿಯ ಗುಂಡಿ ಹಾಕಿ ಕಳಿಸಿದ ಅಪ್ಪ ನನ್ನ ಕಡೆ ತಿರುಗಿ, "ಇದೊಂದು ಸಾಲಿಗೆ ಹೋಗೂತನಾ ತಡಿ," ಅಂದ.

ನಾನು ಅಲ್ಲೇ ನಿಂತು, ಕೂಸು ಸಾಲಿಗೆ ಹೋಗುವಷ್ಟಾಗಲೆಂದು ಅದರ ವಯಸ್ಸಿಗೆ ಐದು ಕೂಡಿಸಿದೆ, ನನ್ನ ವಯಸ್ಸಿಗೂ ಐದು ಕೂಡಿಸಿದೆ. ಆ ವಯಸ್ಸಿಗೆ ನಮ್ಮ ಓಣಿಯ ಹುಡುಗಿಯರೆಲ್ಲ ಗಂಡನ ಮನೆಯಲ್ಲಿದ್ದರು.