ಜೀಪಿನ ಅಡಿಯಲ್ಲಿ ಸಿಗದ ತುಕ್ಕು

ಶಹಾಪುರದಲ್ಲಿ ಮಾರಾಟಕ್ಕಿದ್ದ ಹಳೆಯ ಫೋರ್ ವೀಲ್ ಜೀಪಿನ ಕೆಳಗೆ ಅಂಗಾತ ಮಲಗಿ ನಾನು ತುಕ್ಕು ಹುಡುಕುತ್ತಿದ್ದೆ. ಕೊಳ್ಳುವವನು ನಾನಲ್ಲ, ನನ್ನ ಹೆಂಡತಿಯ ತಂಗಿಯ ಗಂಡ. ಅಂಥದ್ದೇ ಗಾಡಿಗೆ ಆಸೆಪಟ್ಟು, ಕೊಳ್ಳಲಾಗದೆ ಸುಮ್ಮನಾದವನು ನಾನು. ಹಾಗಾಗಿ ತುಕ್ಕು ಸಿಗಲೇಬೇಕಿತ್ತು.

ಭತ್ತದ ಗದ್ದೆಗಳಲ್ಲಿ ಓಡಾಡಿದ ಗಾಡಿ. ಹಸಿ ಹಿಡಿದಿಡುವ ಎರೆಮಣ್ಣಿನಡಿಯೇ ಕಬ್ಬಿಣ ಕೊಳೆಯುವುದೆಂದು ಅಡಿಯ ಚೌಕಟ್ಟಾದ ಚಾಸಿಗೆ ಅಂಟಿದ್ದನ್ನೆಲ್ಲ ಕೆರೆದೆ. ಒಂದು ಕಡೆ ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡಿತು. ತೂತು ಮುಚ್ಚಿದ್ದಾರೆಂದು ಖುಷಿಯಾಗಿ ಸ್ಕ್ರೂಡ್ರೈವರಿನಿಂದ ಚುಚ್ಚಿದೆ. ಒಳಗೆ ಹೋಗಲಿಲ್ಲ. ನಟ್ಟು ಬಿಚ್ಚುವ ಪಾನಾ ಹಿಡಿದು ಉದ್ದಕ್ಕೂ ಬಡಿದೆ. ಎಲ್ಲೆಡೆ ಗಟ್ಟಿ ಕಬ್ಬಿಣದ ಠಣ್ ಠಣ್. ಒಂದು ಕಡೆಯಾದರೂ ದಬ್ ಎನ್ನಬಾರದೇ!

ಕಣ್ಣಿಗೆ ಬಿದ್ದ ಮಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದೆ. ಷಡ್ಡಕ ನನ್ನ ಮುಖವನ್ನೊಮ್ಮೆ ನೋಡಿದವನೇ ಮಾಲೀಕನ ಕೈ ಕುಲುಕಿ ವ್ಯವಹಾರ ಮುಗಿಸಿಬಿಟ್ಟ.

"ನಾ ಇನ್ನಾ ಏನೂ ಹೇಳೇ ಇಲ್ಲಲ್ಲೋ ತಮ್ಮಾ!" ಎಂದೆ.

"ನಿಮ್ಮ ಮಾರಿ ಬಾಡಿದ್ದು ನೋಡಿದೆ ಅಣ್ಣಾ, ಗಾಡಿ ಛಲೋ ಅದ ಅಂತ ಗೊತ್ತಾತು. ಗ್ಯಾರೇಜಿನ ಮಿಸ್ತ್ರಿ ಆದ್ರ ಇಷ್ಟು ಮನಸ್ಸಿಟ್ಟು ಹುಡುಕ್ತಿದ್ನೇನ್ರಿ?" ಎಂದು ನಕ್ಕ.

ಈಗಲೂ ಅವನು ಸುರಪುರಕ್ಕೆ ಬಂದು ಆ ಜೀಪನ್ನು ನಮ್ಮ ಮನೆ ಮುಂದೆ ನಿಲ್ಲಿಸಿದಾಗಲೆಲ್ಲ, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ಅದರ ಅಡಿ ನೋಡುತ್ತೇನೆ. ಹಾಳಾದ್ದು, ಇನ್ನೂ ತುಕ್ಕು ಹಿಡಿದಿಲ್ಲ.