ಸೆರಗಿನ ಫೈಲು ಸಿಗದ ಮೂರು ದಿನ

ಮೊಳಕಾಲ್ಮೂರಿನಲ್ಲಿ ನೇಕಾರರಿಗೆ ಸೀರೆಯ ವಿನ್ಯಾಸ ಬಿಡಿಸಿಕೊಡುವ ಸಣ್ಣ ಕೇಂದ್ರವೊಂದರಲ್ಲಿ ನಾನು ಕೆಲಸಕ್ಕಿದ್ದೆ. ಮುಂದಿನ ಕೋಣೆಯ ಸರ್ವರ್‌ನಲ್ಲಿ ಎಲ್ಲರ ವಿನ್ಯಾಸಗಳೂ ಇರುತ್ತಿದ್ದವು. ಹಿಂದಿನ ಕೋಣೆಯ ಹಳೆಯ ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಅವನ್ನು ತೆರೆದು, ಮಗ್ಗದ ರಟ್ಟುಗಳಿಗೆ ವಿನ್ಯಾಸದಂತೆ ತೂತು ಹೊಡೆಯುವ ಯಂತ್ರಕ್ಕೆ ಕೊಡುತ್ತಿತ್ತು.

ಎರಡು ಸಾವಿರದ ಐದೋ ಆರೋ ಇರಬೇಕು, ಒಂದು ಶನಿವಾರ ಹಳೆಯ ಸರ್ವರ್ ತೆಗೆದು ಹೊಸದನ್ನು ಇಟ್ಟರು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಹಿರಿಯ ನೇಕಾರರೊಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಟವೆಲಿನ ಗಂಟು ಬಿಚ್ಚಿದರು. ಇಲಿ ಕಡಿದ ರಟ್ಟುಗಳು. ಮಗಳ ಧಾರೆಗೆಂದು ತಾವೇ ನೇಯುತ್ತಿದ್ದ ಸೀರೆಯವು. ಒಡಲು ಮುಗಿದಿತ್ತು, ಸೆರಗು ಬಾಕಿ. ಮದುವೆಗೆ ಎಂಟೇ ದಿನ.

"ಹೊಸಾವು ಹೊಡ್ದು ಕೊಡಮ್ಮಾ, ಮಧ್ಯಾಹ್ನಕ್ಕೆ ಮಗ್ಗಕ್ಕೆ ಕೂರ್ತೀನಿ."

ಹಿಂದಿನ ಕೋಣೆಯಲ್ಲಿ ಫೋಲ್ಡರ್ ತೆರೆಯಲಿಲ್ಲ. ಸರ್ವರ್ ಸಿಗುತ್ತಿಲ್ಲ ಎಂದಷ್ಟೇ ಬಂತು. ಮುಂದಿನ ಕೋಣೆಗೆ ಬಂದರೆ ಸೆರಗಿನ ಫೈಲು ಕಣ್ಣೆದುರಿಗೇ ಇದೆ. ಎತ್ತಿಕೊಂಡು ಹೋಗೋಣವೆಂದರೆ ಹೊಸ ಸರ್ವರ್‌ಗೆ ಫ್ಲಾಪಿ ಇಲ್ಲ, ಹಿಂದಿನ ಕೋಣೆಯ ಹಳೆಯದಕ್ಕೆ ಪೆನ್‌ಡ್ರೈವ್ ಗೊತ್ತಿಲ್ಲ. ಸರ್ವರ್ ಹಾಕಿದ ಚಳ್ಳಕೆರೆಯ ತಂತ್ರಜ್ಞನಿಗೆ ಫೋನ್ ಮಾಡಿದೆ.

"ಕೇಬಲ್ ದೀಪ ಉರೀತೈತಾ ಮೇಡಂ?"

"ಉರೀತೈತಪ್ಪಾ."

"ಹಂಗಾರೆ ಪಾಸ್‌ವರ್ಡ್ ನೋಡ್ರಿ. ನಾನು ಪರಶುರಾಂಪುರದಾಗೆ ಸಿಕ್ಕಿಬಿದ್ದೀನಿ, ಬುಧವಾರ ಬರ್ತೀನಿ."

ಪಾಸ್‌ವರ್ಡ್ ಬದಲಿಸಿದೆ. ಕೇಬಲ್ ಬದಲಿಸಿದೆ. ಎರಡೂ ಕಂಪ್ಯೂಟರುಗಳನ್ನು ಎಷ್ಟು ಸಲ ಆರಿಸಿ ಹಚ್ಚಿದೆನೋ ಲೆಕ್ಕವಿಲ್ಲ. ಮಂಗಳವಾರವೂ ಆ ಹಿರಿಯರು ಬಂದು ಅದೇ ಮೆಟ್ಟಿಲ ಮೇಲೆ ಕೂತರು.

"ನಮ್ಮನ್ಯಾಗೆ ಇಲಿ ಕಡೀತು. ನಿನ್ ಪೆಟ್ಟಿಗ್ಯಾಗೆ ಏನಮ್ಮಾ ಕಡೀತು?"

ನಗಲು ಆಗಲಿಲ್ಲ. ಅವರೂ ನಗಿಸಲು ಹೇಳಿದ್ದಲ್ಲ. ತಗ್ಗಿದ ದನಿಯಲ್ಲಿ, "ನಕ್ಷೆ ಬ್ಯಾರೆ ಯಾರಿಗಾರ ಕೊಟ್ಟೀರೇನು? ಇದ್ದದ್ದು ಹೇಳಿಬಿಡ್ರಿ" ಎಂದರು. ಅಷ್ಟು ದಿನ ನನ್ನನ್ನು ನೀನು ಎನ್ನುತ್ತಿದ್ದವರ ಬಾಯಲ್ಲಿ ಆ ಬಹುವಚನ ಕೇಳಿ ಎದ್ದು ಮತ್ತೆ ಹಿಂದಿನ ಕೋಣೆಗೆ ಹೋದೆ.

ಬುಧವಾರ ತಂತ್ರಜ್ಞ ಮೊದಲ ಬಸ್ಸಿಗೇ ಬಂದ. ಹೊಸ ಸರ್ವರ್‌ನಲ್ಲಿ ಒಳಬರುವವರನ್ನು ತಡೆಯುವ ಫೈರ್‌ವಾಲ್ ತೆರೆದು ನೋಡಿ ನನ್ನ ಕಡೆ ತಿರುಗಿದ.

"ನೀವೇ ಹೇಳಿದ್ರಲ್ಲ ಮೇಡಂ, ಹೊರಗಿನೋರು ಯಾರೂ ಒಳಗೆ ಬರಬಾರ್ದು ಅಂತ. ಅದಕ್ಕೇ ಎಲ್ಲಾ ಮುಚ್ಚೀನಿ."

"ಹಿಂದಿನ ಕೋಣೆ ಹೊರಗಾಯ್ತೇನಪ್ಪಾ?"

"ಇದಕ್ಕೆ ತಾನೊಂದು ಬಿಟ್ರೆ ಲೋಕವೆಲ್ಲಾ ಹೊರಗೇ."

ಹೌದು, ನಾನೇ ಹೇಳಿದ್ದೆ. ನಮ್ಮಲ್ಲಿ ಮದುವೆ ಸೀರೆಯ ವಿನ್ಯಾಸ ಧಾರೆಯ ದಿನದವರೆಗೆ ಪಕ್ಕದ ಮಗ್ಗದವರ ಕಣ್ಣಿಗೂ ಬೀಳಬಾರದು. ನಕ್ಷೆಯ ಹಾಳೆಯನ್ನು ಟವೆಲಿನಲ್ಲಿ ಮುಚ್ಚಿಯೇ ತರುತ್ತಾರೆ. "ಯಾರಿಗೂ ತೋರಿಸ್ಬ್ಯಾಡಮ್ಮಾ" ಎಂದು ಪ್ರತಿಯೊಬ್ಬರೂ ಹೇಳಿಯೇ ಹೋಗುತ್ತಾರೆ. ಶನಿವಾರ ಯಾರನ್ನು ಒಳಗೆ ಬಿಡಬೇಕೆಂದು ತಂತ್ರಜ್ಞ ಕೇಳಿದಾಗ ನನ್ನ ತಲೆಯಲ್ಲಿದ್ದದ್ದು ಇಣುಕಿ ನೋಡುವ ಆ ಕಣ್ಣುಗಳೇ. ನಮ್ಮದೇ ಹಿಂದಿನ ಕೋಣೆ ನೆನಪಿಗೇ ಬರಲಿಲ್ಲ.

ಅವನು ಅದರಲ್ಲಿ ಫೈಲ್ ಹಂಚಿಕೆ ಎಂಬುದರ ಮುಂದೆ ಗುರುತು ಹಾಕಿ, ನಮ್ಮ ನೆಟ್‌ವರ್ಕಿಗಷ್ಟೇ ಒಳಗೆ ಬಿಟ್ಟ. ಎದ್ದು ಹೋಗಿ ನೋಡಿದರೆ ಫೋಲ್ಡರ್ ತೆರೆದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ರಟ್ಟುಗಳು ಸಿದ್ಧವಾದವು. ಕೈಗೆ ಕೊಡುವಾಗ ತಪ್ಪು ನನ್ನದೇ ಎಂದು ಹಿರಿಯರಿಗೆ ಹೇಳಿದೆ.

"ನನಗೋಸ್ಕರನೇ ಬೀಗ ಹಾಕಿದ್ದೀ ತಗಾ," ಎಂದರು. ಬೆರಳು ಮಡಿಚಿ ಉಳಿದ ದಿನಗಳನ್ನು ಎಣಿಸಿಕೊಂಡರು. ಎಷ್ಟು ಎಂದು ಹೇಳದೆ ಗಂಟು ಹೊತ್ತು ನಡೆದರು.

ಮದುವೆಗೆ ಹೋಗಿದ್ದೆ. ಮದುಮಗಳ ಸೆರಗಿನ ಕೆಲಸ ಮೊಣಕೈ ಹತ್ತಿರವೇ ನಿಂತುಹೋಗಿತ್ತು, ಅಲ್ಲಿಂದಾಚೆ ದಿನ ಸಾಲದೆ ಬರೀ ರೇಷ್ಮೆ. ಬೇರೆ ಯಾರಿಗೂ ಅದು ತಿಳಿಯಲಾರದು, ವಿನ್ಯಾಸ ನೋಡಿದ್ದವರು ಹಿರಿಯರೂ ನಾನೂ ಇಬ್ಬರೇ. ನಾನು ನೋಡುತ್ತಿರುವುದನ್ನು ಅವರು ಕಂಡರು.

"ಉಂಡು ಹೋಗಮ್ಮಾ," ಎಂದರು.

ಪಂಕ್ತಿಯಲ್ಲಿ ಕೂತೆ. ಬಡಿಸುವವರು ಪಾಯಸ ತಂದಾಗ ಎಲೆಗೆ ಕೈ ಅಡ್ಡ ಹಿಡಿದೆ.