ಹೊಂಬಾಳಮ್ಮನ ಬಿಗಿ ಹೆಣಿಗೆ

ತುರುವೇಕೆರೆ ಪಕ್ಕದ ನಮ್ಮೂರಲ್ಲಿ ತೆಂಗಿನ ನಾರನ್ನು ಹೊಂಬಾಳಮ್ಮನಷ್ಟು ಬಿಗಿಯಾಗಿ ಹೊಸೆಯುವವರು ಇನ್ನೊಬ್ಬರಿರಲಿಲ್ಲ. ಹುರಿ ಸುತ್ತಿ, ಹಲ್ಲು ಕಚ್ಚಿ ಒಂದು ಸಲ ಜಗ್ಗಿದಳೆಂದರೆ ಆ ಹಗ್ಗ ಬಾವಿಯಲ್ಲಿ ಕೊಡವನ್ನು ಕೈಬಿಟ್ಟದ್ದೇ ಇಲ್ಲ. ತೊಂಬತ್ತೆಂಟರ ಚಳಿಗಾಲದಲ್ಲಿ ಅದೇ ಕೈ ಅವಳಿಗೆ ಅಡ್ಡ ಬಂತು.

ಮಗಳು ಅನಿತಾ ಬಾಣಂತನಕ್ಕೆ ಬಂದಿದ್ದಳು. ಗಂಡನ ಮನೆ ಅಮ್ಮಸಂದ್ರ, ಸಿಮೆಂಟ್ ಫ್ಯಾಕ್ಟರಿಯ ಕ್ವಾರ್ಟರ್ಸು. ಒಂದು ಬಸ್ಸಿನ ದಾರಿ ಅಷ್ಟೇ. ಆದರೆ ದಿನಾ ಮಗುವಿಗೆ ಎಣ್ಣೆ ತಿಕ್ಕಿ ನೀರೆರೆದ ಅಜ್ಜಿಗೆ ಅದು ದೂರವೇ, ಯಾರೇನೇ ಅನ್ನಲಿ. ನೋಡಲು ಬಂದ ಬೀಗರ ಮುಂದೆ ಹೊಂಬಾಳಮ್ಮ, "ಮಗೀಗೆ ನಾನೇ ಸ್ವೆಟರ್ ಹೆಣ್ದು ಕಳುಸ್ತೀನಿ" ಅಂದುಬಿಟ್ಟಳು. ಸಂಕ್ರಾಂತಿ ಕಳೆದ ಮೇಲೆ ಕರೆದೊಯ್ಯುತ್ತೇವೆ, ಅಷ್ಟರಲ್ಲಿ ಆಗದಿದ್ದರೆ ಅಂಗಡಿಯದನ್ನೇ ತೊಡಿಸೋಣ ಎಂದು ಬೀಗಿತ್ತಿ ನಕ್ಕಳು. ಆ ನಗು ಹೊಂಬಾಳಮ್ಮನಿಗೆ ಚುಚ್ಚಿತು.

ಉಣ್ಣೆಯ ನೂಲನ್ನೂ ಅವಳು ನಾರಿನಂತೆಯೇ ಜಗ್ಗಿದಳು. ಕುಣಿಕೆಗಳು ಕಡ್ಡಿಗೆ ಕಚ್ಚಿಕೊಂಡು, ಇನ್ನೊಂದು ಕಡ್ಡಿ ತೂರಿಸಲು ಜೀವ ಹೋಗುತ್ತಿತ್ತು. ಮಧ್ಯಾಹ್ನವೆಲ್ಲ ಕೂತರೂ ಎರಡು ಸಾಲು ಏಳುತ್ತಿರಲಿಲ್ಲ. ಅವಳು ಹೆಣೆದಷ್ಟನ್ನು ಗಂಡ ಗಂಗಾಧರಯ್ಯ ನೆಲದ ಮೇಲಿಟ್ಟರೆ ಅದು ನೆಟ್ಟಗೆ ನಿಂತುಕೊಂಡಿತು.

"ಮಗೀಗ್ಯಾಕೆ, ಕೊಡಕ್ಕೆ ಸಿಂಬೆ ಮಾಡ್ಕೊ ಕಣೇ" ಅಂದ. ತಮಾಷೆಗೂ ಒಂದು ಹೊತ್ತುಗೊತ್ತು ಬೇಡವೇ!

ಕೊನೆಗೆ ಅನಿತಾಳೇ ಅಮ್ಮನನ್ನು ತುರುವೇಕೆರೆಯ ನಸೀಮ್ ಬಾನು ಹತ್ತಿರ ಕಳಿಸಿದಳು. ಗಂಡನ ಟೈಲರ್ ಅಂಗಡಿಯ ಮೂಲೆಯಲ್ಲಿ ಕೂತು ಮಕ್ಕಳ ಸ್ವೆಟರ್ ಹೆಣೆಯುವ ನಸೀಮ್, ಕಡ್ಡಿಯನ್ನು ನೋಡದೆ ಬೀದಿ ನೋಡುತ್ತಲೇ ಸಾಲು ಮುಗಿಸುತ್ತಿದ್ದಳು. ಹೊಂಬಾಳಮ್ಮನ ಕೈಯನ್ನು ಸ್ವಲ್ಪ ಹೊತ್ತು ಗಮನಿಸಿ, "ಬುಡಿ ಹೊಂಬಾಳಮ್ಮ" ಅಂದಳು. ಇವಳು ಇನ್ನೂ ಜಗ್ಗಿದಳು.

"ಅಯ್ಯೋ, ಬುಡ್ರೀ ಅಂದ್ರೆ!"

ಹೊಂಬಾಳಮ್ಮನ ಮುಖ ಕೆಂಪೇರಿತು. ನಿನ್ನ ಕೈಲಾಗದು, ಬಿಟ್ಟುಬಿಡು ಎಂದು ಮನೆಯವರೆಲ್ಲ ಹೇಳಿಯಾಗಿತ್ತು. ಈಗ ಇವಳೂ ಅದನ್ನೇ ಅನ್ನುತ್ತಾಳಲ್ಲ! ಕಡ್ಡಿಗಳನ್ನು ಚೀಲಕ್ಕೆ ತುರುಕಿ ನಡೆದೇಬಿಟ್ಟಳು. ನೂಲಿನ ಉಂಡೆ ಮಾತ್ರ ಅಂಗಡಿಯಲ್ಲೇ ಉಳಿದು, ಎಳೆ ಅವಳ ಹಿಂದೆ ಬೀದಿಯುದ್ದಕ್ಕೂ ಬಿಚ್ಚಿಕೊಳ್ಳುತ್ತ ಬಂತು. ನಸೀಮ್ ಉಂಡೆ ಎತ್ತಿಕೊಂಡು ಓಡಿ ಬಂದಳು.

"ಹೆಣಿಗೆ ಬುಡಿ ಅಂದಿಲ್ಲ ಕಣ್ರೀ! ನೂಲು ಬುಡಿ ಅಂದೆ, ನೂಲು!"

ಸೀಬೆಹಣ್ಣಿನ ಗಾಡಿಯ ಪಕ್ಕ ನಿಂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಂಗಡಿಗೆ ಮರಳಿ ನಸೀಮ್ ತೋರಿಸಿಕೊಟ್ಟಳು: ನೂಲನ್ನು ಎಡಗೈ ತೋರುಬೆರಳ ಮೇಲೆ ಹರಿಯಲು ಬಿಟ್ಟು ಕಡ್ಡಿಯ ತುದಿಯಿಂದ ಎತ್ತಿಕೊಂಡರೆ ಸಾಕು, ಸುತ್ತಿ ಜಗ್ಗಬೇಕಿಲ್ಲ. ಹೇಳುವುದು ಸುಲಭ. ಹುಟ್ಟಿದಾಗಿನಿಂದ ಬಿಗಿದು ಬಿಗಿದು ರೂಢಿಯಾದ ಬೆರಳುಗಳು ಅಷ್ಟು ಬೇಗ ಕೇಳುತ್ತವೆಯೇ? ಜಗ್ಗಿದಾಗಲೆಲ್ಲ ನಸೀಮ್ "ಬುಡಿ" ಅನ್ನುವಳು. ಬರಬರುತ್ತ ಹೊಂಬಾಳಮ್ಮ ತಾನೇ ಗೊಣಗಿಕೊಳ್ಳತೊಡಗಿದಳು: ಬುಡು, ಬುಡು, ಬುಡು. ಕಡ್ಡಿಗಳು ಓಡಿದವು. ಹಬ್ಬಕ್ಕೆ ಮೊದಲೇ ಹಳದಿ ಸ್ವೆಟರ್ ಮುಗಿದು, ಮಗುವಿನ ತಲೆ ಅದರೊಳಗೆ ಸಲೀಸಾಗಿ ತೂರಿತು.

ಹೊರಡುವ ದಿನ ನಸೀಮಳೂ ಬಸ್ ಸ್ಟ್ಯಾಂಡಿಗೆ ಬಂದಳು. ಬೀಗಿತ್ತಿ ಸ್ವೆಟರನ್ನು ಮುಟ್ಟಿ ನೋಡಿ, ಎಷ್ಟು ಮೆತ್ತಗಿದೆ ಅಂದಳು. ಅನಿತಾ ಬಸ್ ಹತ್ತಿ ಕಿಟಕಿಯಿಂದ ಕೈ ಚಾಚಿದಳು. ಹೊಂಬಾಳಮ್ಮ ಮಗುವನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. ಕಂಡಕ್ಟರ್ ಸೀಟಿ ಊದಿದ. ನಸೀಮ್ ಅವಳ ಮೊಣಕೈ ಮುಟ್ಟಿ ಏನೋ ಹೇಳಲು ಬಾಯಿ ತೆರೆದಳು.

"ಆ ಮಾತ್ನ ಈಗ್ಮಾತ್ರ ಅನ್ಬೇಡ ಕಣಮ್ಮ" ಅಂದಳು ಹೊಂಬಾಳಮ್ಮ, ಮಗುವನ್ನು ಕಿಟಕಿಯತ್ತ ಎತ್ತಿ ಕೊಡುತ್ತ.